ಲಿಯೋನ್‌ನ ಬಲತೋಳು

ನನಗೆ ನಲವತ್ತಕ್ಕೆ ಎರಡೇ ವರ್ಷ ಬಾಕಿ, ಮೊಣಕಾಲು ಸವೆದಿದ್ದವು. ಆಟ ಬಿಡೋಣವೆಂದರೆ ಯುದ್ಧ ಬಿಡಲಿಲ್ಲ. ಪ್ರಾಯದವರೆಲ್ಲ ಸೈನ್ಯಕ್ಕೆ ಹೋಗಿ, ಪೆನ್ಸಿಲ್ವೇನಿಯಾದ ನಮ್ಮ ಸಣ್ಣ ಬೇಸ್‌ಬಾಲ್ ಲೀಗಿಗೆ ನನ್ನಂಥವರೇ ಗತಿಯಾಗಿದ್ದರು.

ಲಿಯೋನ್ ಸುಡೋಲ್ ಇಟಲಿಯಲ್ಲಿ ಸತ್ತ ಸುದ್ದಿ 1944ರ ಮಾರ್ಚಿನಲ್ಲಿ ಬಂತು. ನಮ್ಮ ತಂಡದ ಎಸೆತಗಾರ ಅವನು; ಎರಡು ಬೇಸಿಗೆ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಅವನೆಸೆದ ಚೆಂಡನ್ನೆಲ್ಲ ಹಿಡಿದವನು ನಾನು. ಬಸ್ಸಿನಲ್ಲಿ ನನ್ನ ಹೆಗಲ ಮೇಲೇ ನಿದ್ದೆಹೋಗುತ್ತಿದ್ದ.

ಜೂನ್‌ನ ಒಂದು ಭಾನುವಾರ, ಆಟಕ್ಕೆ ಇನ್ನೂ ಒಂದು ಗಂಟೆಯಿದ್ದಾಗ, ಅವನ ಅಪ್ಪ ಕಾಸಿಮಿರ್ ಮೈದಾನಕ್ಕೆ ಬಂದ. ಕಲ್ಲಿದ್ದಲ ಗಣಿಯವನು. ಚರ್ಚಿಗೆ ಹೋಗುವ ಕೋಟು ತೊಟ್ಟಿದ್ದ. ಉಗುರಿನ ಕಪ್ಪು ಹಾಗೇ ಇತ್ತು. ಮಗನ ಆಟ ಒಮ್ಮೆಯೂ ನೋಡಿದವನಲ್ಲ.

“ಹೋಬರ್ಟ್ ಅಂದ್ರೆ ನೀನೇನಾ? ‘ಮುದುಕ, ಗೊರಕೆ ಹೊಡೀತಾನೆ’ ಅಂತ ಲಿಯೋನ್ ಕಾಗದದಲ್ಲಿ ಬರ್ದಿದ್ದ.”

“ಹೊಡೀತಿದ್ದೋನು ಅವ್ನು,” ಅಂದೆ.

ಅವನ ಮೀಸೆ ತುಸು ಅಲುಗಿತು. ಬೆಂಚಿನ ಮೇಲೆ ನನ್ನ ಪಕ್ಕ ಕೂತ.

“ಯುದ್ಧ ಮುಗಿದ್ಮೇಲೆ ದೊಡ್ಡ ಲೀಗಿಗೆ ಹೋಗ್ತೀನಿ ಅಂತಿದ್ದ. ಹೋಗ್ತಿದ್ನಾ? ನೋಡಪ್ಪ, ಪಾದ್ರಿ ಸಮಾಧಾನ ಹೇಳಾಯ್ತು, ಪಕ್ಕದ್ಮನೆಯೋರೂ ಹೇಳಾಯ್ತು. ನೀನೂ ಅದ್ನೇ ಹೇಳ್ಬೇಡ.”

ಹೋಗುತ್ತಿದ್ದ ಎಂದುಬಿಡುವುದು ಸುಲಭವಿತ್ತು. ಆದರೆ ಆಡಿದ ಕೊನೆಯ ಆಗಸ್ಟಿನಲ್ಲಿ ಲಿಯೋನ್ ಬಲತೋಳು ಎತ್ತಲಾಗದೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಮ್ಯಾನೇಜರ್ ನನ್ನನ್ನು ಕರೆದು ಕೇಳಿದ, ಇದ್ದದ್ದನ್ನು ಹೇಳಿದೆ. ಆ ವಾರವೇ ಅವನನ್ನು ತಂಡದಿಂದ ತೆಗೆದರು. ಮರುವಾರ ಸೈನ್ಯ ಸೇರಿದ. ಬಂದೂಕಿಗೆ ಆ ತೋಳು ಸಾಕಿತ್ತು.

“ಇಲ್ಲ,” ಅಂದೆ. “ತೋಳು ಹೋಗಿತ್ತು. ಮ್ಯಾನೇಜರಿಗೆ ಹಾಗಂತ ಹೇಳಿದ್ದೂ ನಾನೇ.”

ಬೈಗುಳಕ್ಕೆ ಕಾದೆ. ಅವನು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದವನತ್ತ ತಿರುಗಿದ.

“ಹಂಗಾದ್ರೆ ಬದುಕಿದ್ರೆ ಗಣಿಗೇ ಬರ್ತಿದ್ದ,” ಅಂದ. “ನನ್ ಜೊತೇಲೇ ಇಳೀತಿದ್ದ. ಗಣಿಗೆ ಬಾ ಅಂತ್ಲೇ ಅಷ್ಟು ವರ್ಷ ನಾನು ಅವನತ್ರ ಜಗಳ ಆಡಿದ್ದು.”

ಆಮೇಲೆ ಅತ್ತ. ನಾನು ಮೊಣಕಾಲಿಗೆ ಪಟ್ಟಿ ಸುತ್ತತೊಡಗಿದೆ. ಮೂಗೊರೆಸಿಕೊಂಡು ಅದನ್ನು ನೋಡಿದವನು ಪಟ್ಟಿ ಕಿತ್ತುಕೊಂಡ.

“ಇದೇನು ಕಟ್ಟೋದಾ? ಕಾಲು ಚಾಚು.”

ಗಣಿಯಲ್ಲಿ ಗಾಯಕ್ಕೆ ಕಟ್ಟಿ ಪಳಗಿದ ಕೈ. ಎರಡೂ ಕಾಲಿಗೆ ಬಿಗಿಯಾಗಿ ಸುತ್ತಿದ.

ಆಟ ಮುಗಿಯುವವರೆಗೂ ನನ್ನ ಬೆನ್ನ ಹಿಂದೆ ಪ್ರೇಕ್ಷಕರ ಮೊದಲ ಸಾಲಿನಲ್ಲೇ ಕೂತಿದ್ದ. “ಈಗ್ಯಾಕೆ ಓಡ್ದ ಅವ್ನು?” ಎಂದು ಪಕ್ಕದವನನ್ನು ಮತ್ತೆ ಮತ್ತೆ ಕೇಳುವುದು ಕಿವಿಗೆ ಬೀಳುತ್ತಿತ್ತು. ನಾವು ಏಳು ರನ್ನಿನಿಂದ ಸೋತೆವು.