ಸುಧಾಕರನ ಕಾರ್ಡು

ನನ್ನ ಮಗ ಸುಧಾಕರ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಎರಡು ಮಳೆಗಾಲ ಕಳೆದವು. ದೋಣಿಯ ಹಲಗೆಗಳು ತೆಂಗಿನಗುಂಡಿಯ ದಡಕ್ಕೆ ಬಂದವು, ಅವನ ದೇಹ ಬರಲಿಲ್ಲ. ಉತ್ತರಕ್ರಿಯೆ ಮಾಡಲು ಸೊಸೆ ಸುಷ್ಮಾ ಒಪ್ಪಲಿಲ್ಲ. ಅವನು ಅಂದು ಮನೆಯಲ್ಲೇ ಮರೆತುಹೋದ ಫೋನನ್ನು ಅವಳು ದಿನವೂ ಚಾರ್ಜಿಗೆ ಹಾಕುತ್ತಾಳೆ.

ಆ ಫೋನಿಗೆ ಬ್ಯಾಂಕಿನಿಂದ ಸಂದೇಶ ಬಂತು. ಸುಧಾಕರನ ಕ್ರೆಡಿಟ್ ಕಾರ್ಡು ಬಹಳ ಕಾಲದಿಂದ ಬಳಕೆಯಾಗಿಲ್ಲ, ಉಳಿಸಿಕೊಳ್ಳುವಿರೋ ಮುಚ್ಚುವಿರೋ ತಿಳಿಸಿ ಎಂದಿತ್ತು.

ಆ ಕಾರ್ಡನ್ನು ಅವನು ಒಮ್ಮೆಯೂ ಬಳಸಿದವನಲ್ಲ. ಭಟ್ಕಳ ಪೇಟೆಯಲ್ಲಿ ಯಾರೋ ಒತ್ತಾಯಿಸಿ ಮಾಡಿಸಿಕೊಟ್ಟಿದ್ದರು. "ಮೀನಿಗೆ ಕಾರ್ಡು ತೋರ್ಸಿದ್ರೆ ಬಲೆಗೆ ಬತ್ತದ್ಯಾ?" ಎಂದು ಸುಷ್ಮಾ ಕುಟುಕಿದ್ದಳು. ಕಡಲಿಗೆ ಹೋಗುವವರು ಗುರುತಿನ ಚೀಟಿ ಇಟ್ಟುಕೊಳ್ಳಲೇಬೇಕು. ಅದು ನೆನೆಯದಂತೆ ಕೊರಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲೇ ಈ ಕಾರ್ಡನ್ನೂ ತುರುಕಿಕೊಂಡಿದ್ದ. ಸುಷ್ಮಾಳ ಆಸೆಯೆಲ್ಲ ಅದರಲ್ಲಿತ್ತು. ಗಂಡ ಯಾವುದೋ ದಡ ಸೇರಿ, ನೆನಪು ತಪ್ಪಿ ಎಲ್ಲೋ ಇದ್ದಾರು. ಒಂದು ದಿನ ಹಸಿವಾಗಿ ಕಾರ್ಡು ತೆಗೆದಾರು. ಆಗ ಫೋನಿಗೆ ಸುದ್ದಿ ಬರುತ್ತದೆ. ಫೋನು ಸದ್ದು ಮಾಡಿದಾಗಲೆಲ್ಲ ಅವಳು ಒಲೆ ಬಿಟ್ಟು ಓಡುತ್ತಿದ್ದಳು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನೆರೆಮನೆಯ ವಿನಾಯಕ, ಮುಚ್ಚುವುದೇ ಲೇಸೆಂದ. ಬಳಸದ ಕಾರ್ಡಿನ ಸಂಖ್ಯೆ ಕಳ್ಳರ ಕೈಗೆ ಸಿಕ್ಕರೆ ಯಾವ ಊರಿನಲ್ಲಾದರೂ ಬಳಸಿಯಾರು ಎಂದ. ಅವನು ಹೇಳಿದ್ದು ಹಣದ ಮಾತು. ನನಗೆ ಹೊಳೆದದ್ದು ಬೇರೆ. ಸೂರತ್ತಿನಲ್ಲೋ ಕೊಚ್ಚಿಯಲ್ಲೋ ಒಬ್ಬ ಕಳ್ಳ ಆ ಕಾರ್ಡಿನಿಂದ ಒಂದು ಸೋಪು ಕೊಂಡರೆ ಸಾಕು, ನನ್ನ ಸೊಸೆ ಆ ಊರಿನ ಬೀದಿ ಬೀದಿ ಅಲೆಯುತ್ತಾಳೆ. ಅವಳ ಆಯುಷ್ಯ ಅಲ್ಲೇ ಮುಗಿಯುತ್ತದೆ. ಮುಚ್ಚಿದರೆ? ಹೆತ್ತ ತಂದೆಯೇ ಮಗ ಸತ್ತನೆಂದು ಸಾರಿದ ಹಾಗೆ.

"ನೀವ್ ದೇವ್ರ ಹತ್ರ ಕೇಳಿ ಬನ್ನಿ ಮಾವ. ದೇವ್ರು ಹೇಳ್ದಂಗೆ ಮಾಡ್ವ" ಎಂದಳು ಸುಷ್ಮಾ.

ಸೋಮವಾರ ದೇವಸ್ಥಾನಕ್ಕೆ ಹೋದೆ. ಭಟ್ಟರು ಮೂರ್ತಿಯ ಎದೆಗೆ ನೀರು ಹಚ್ಚಿ ಎರಡೂ ಕಡೆ ಹೂವಿನ ಎಸಳು ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮನಸ್ಸಿನಲ್ಲಿ ಕೇಳಿಕೊಳ್ಳಿ ಎಂದರು. ಕಾರ್ಡು ಮುಚ್ಚಲೇ ಎಂದು ಕೇಳಹೊರಟೆ. ಮನಸ್ಸಿಗೆ ಬಂದದ್ದು, ಮಗ ಇದ್ದಾನೆಯೇ ಎಂಬುದು. ಇಷ್ಟು ಕಾಲ ದೇವರಿಗೆ ಎಲ್ಲವನ್ನೂ ಹೇಳಿಕೊಂಡಿದ್ದೆ, ಇದೊಂದನ್ನು ಕೇಳಿರಲಿಲ್ಲ. ಎಡಗಡೆಯ ಎಸಳು ತುಸು ಜಾರಿತು. ಕಣ್ಣು ಮುಚ್ಚಿಕೊಂಡೆ. ಹಾಗೆಯೇ ಅಡ್ಡಬಿದ್ದು, ಮತ್ತೆ ಆ ಕಡೆ ನೋಡದೆ ಹೊರಗೆ ಬಂದುಬಿಟ್ಟೆ.

ಸುಷ್ಮಾ ಅಂಗಳದಲ್ಲೇ ಕಾಯುತ್ತಿದ್ದಳು.

"ಎಂತ ಆತು ಮಾವ? ದೇವ್ರು ಎಂತ ಹೇಳ್ತು?"

ಮುಚ್ಚು ಎಂದು ದೇವರೇ ಹೇಳಿದನೆಂದರೆ ಅವಳು ಎದುರಾಡುತ್ತಿರಲಿಲ್ಲ. ಆದರೆ ದೇವರ ಹೆಸರಿನಲ್ಲಿ ಸುಳ್ಳಾಡಿ ನಾಳೆ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗಲಿ?

"ಕೇಳ್ಲಿಲ್ಲ ಮಗಾ. ಕೇಳುಕೆ ಧೈರ್ಯ ಬರ್ಲಿಲ್ಲ. ಮುಚ್ಚು ಅಂತ ನಾನೇ ಹೇಳ್ತೆ."

 ಅವಳು ಹಣೆಯ ಕುಂಕುಮಕ್ಕೆ ಬೆರಳು ಮುಟ್ಟಿಸಿದಳು.

"ಹಂಗಾರೆ ಇದೂ ಬೇಡ್ವಾ?"



"ಕಾರ್ಡು ಮಾತ್ರ" ಎಂದೆ. "ನಾ ಹೇಳಿದ್ದು ಕಾರ್ಡು ಮಾತ್ರ ಮಗಾ."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅವಳಿಗೆ ಎಲ್ಲವೂ ತಿಳಿದುಹೋಗುತ್ತಿತ್ತು. ಕೊನೆಗೆ ತಲೆ ತಗ್ಗಿಸಿ, ಕಾರ್ಡು ಮುಚ್ಚಿ ಎಂದು ಬ್ಯಾಂಕಿಗೆ ತಿಳಿಸಲು ಫೋನು ಒತ್ತತೊಡಗಿದಳು.