ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟ ಚೀಟಿ

ಹಸಿರು ಸೀರೆಗೆ ನಾನೂರು, ಬಳೆಗೆ ಅರವತ್ತು, ಕುಕ್ಕುವಾಡದಿಂದ ಬಂದ ಬೀಗರ ಊಟಕ್ಕೆ ಎಂಟುನೂರು. ಸೊಸೆ ಯಶೋದಾಳ ಸೀಮಂತಕ್ಕೆ ಹರಿಹರದ ದ್ಯಾಮವ್ವ ಇಷ್ಟನ್ನೂ ನಗುನಗುತ್ತ ಖರ್ಚು ಮಾಡಿದಳು. ದಾವಣಗೆರೆಯಲ್ಲಿ ರಕ್ತ ಪರೀಕ್ಷೆಗೆ ಕೊಟ್ಟ ನೂರೈವತ್ತಕ್ಕೆ ಮಾತ್ರ ವಾರವಿಡೀ ಗೊಣಗಿದಳು.

ಪರೀಕ್ಷೆಯ ಚೀಟಿಯಲ್ಲಿ ಎರಡು ಮಾತಿತ್ತು. ಎಚ್‌ಐವಿ ಇಲ್ಲ. ಹೆಪಟೈಟಿಸ್ ಬಿ, ಅಂದರೆ ರಕ್ತದಲ್ಲಿ ಕೂರುವ ಒಂದು ಬಗೆಯ ಕಾಮಾಲೆ, ಇದೆ. ಮೊದಲನೆಯದಕ್ಕೆ ದ್ಯಾಮವ್ವ ದೇವರಿಗೆ ಕೈಮುಗಿದಳು. ಎರಡನೆಯದು ಬೀಗರಿಗೆ ತಿಳಿದರೆ ಮಾನ ಹೋದೀತೆಂದು ಚೀಟಿಯನ್ನು ಬೇಳೆ ಡಬ್ಬಿಗೆ ತುರುಕಿದಳು. ಬಾಯಿ ಬಿಡಬೇಡವೆಂದು ಆಣೆ ಹಾಕಿಸಿ, ಸೊಸೆಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಿದಳು.

ಹದಿನೈದು ದಿನಕ್ಕೆ, ಪರೀಕ್ಷೆಗೆ ಕಳಿಸಿದ್ದ ನರ್ಸ್ ಸರ್ವಮಂಗಳಮ್ಮ ಮನೆಗೆ ಬಂದರು.

"ಚೀಟಿ ಸೊಸಿ ಕೈಯಾಗೆ ಕೊಟ್ಟು ಕಳಿಸೀರಿಲ್ಲ?"

"ಯಾಕ್ರೀ? ಅವಳ ಕಣ್ಣು ಬೆಳ್ಳಗೆ ಮಲ್ಲಿಗೆ ಇದ್ದಂಗೆ ಅದಾವೆ, ಕಾಮಾಲೆ ಎಲ್ಲೈತೆ? ದೊಡ್ಡ ರೋಗನೇ ಇಲ್ಲ ಅಂದಮ್ಯಾಲೆ ಸಣ್ಣದಕ್ಕೆ ಯಾಕ ಡಂಗುರ?"

"ಅದು ಬ್ಯಾರೆ, ಇದು ಬ್ಯಾರೆ ದ್ಯಾಮವ್ವ. ಒಂದಿದ್ದು ಇನ್ನೊಂದು ಇಲ್ದೇ ಇರಬಹುದು, ಎರಡೂ ಇರಬಹುದು. ಅದಕ್ಕೇ ಎರಡೂ ನೋಡೋದು. ಇದು ಕಣ್ಣಿಗೆ ಕಾಣದಂಗೆ ವರ್ಷಗಟ್ಟಲೆ ಇರ್ತೈತೆ. ಹೆರಿಗೆ ಹೊತ್ತಿಗೆ ತಾಯಿ ರಕ್ತದಿಂದ ಕೂಸಿಗೆ ಹತ್ತತೈತೆ. ಕೂಸಿಗೆ ಹತ್ತಿದ್ರೆ ಸಾಮಾನ್ಯಕ್ಕೆ ಬಿಡಂಗಿಲ್ಲ. ದೊಡ್ಡದಾದ ಮ್ಯಾಲೆ ಲಿವರ್ ಹಾಳಾಗಬಹುದು."

"ಎಲ್ಲಿಂದ ತಂದಳೋ ಮಾರಾಯ್ತಿ!"

"ಬಾಯಿ ಬಿಗಿ ಹಿಡೀರಿ. ಸರಿಯಾಗಿ ಕುದಿಸದ ಸೂಜಿಯಿಂದ ಬಂದಿರಬಹುದು. ಅವಳು ಹುಟ್ಟುವಾಗ ಅವಳ ಅವ್ವನಿಂದ ಬಂದಿರಬಹುದು. ನಿಮ್ಮ ಮಗನಿಂದ ಬಂದಿರಬಾರದೇನು? ಅವನಿಗೂ ಪರೀಕ್ಷೆ ಮಾಡಿಸ್ರಿ."

ದ್ಯಾಮವ್ವ ಬೇಳೆ ಡಬ್ಬಿಯಿಂದ ಚೀಟಿ ತೆಗೆದು ನರ್ಸಿನ ಮುಂದಿಟ್ಟಳು.

"ಕೂಸು ಹುಟ್ಟಿದ ದಿನಾನೇ ಲಸಿಕೆ ಬೀಳಬೇಕು. ಡಾಕ್ಟ್ರು ಹೇಳಿದ್ರೆ ಇನ್ನೊಂದು ಇಂಜೆಕ್ಷನ್ನೂ. ಚೀಟಿ ಇಲ್ಲಿ, ಹೆರಿಗೆ ಅಲ್ಲಿ. ಕುಕ್ಕುವಾಡದ ಸೂಲಗಿತ್ತಿಗೇನು ಕನಸು ಬೀಳತೈತಾ?"

ಬೀಗರು ಏನಂದಾರು ಎನ್ನುವ ಹೆದರಿಕೆಯಲ್ಲಿ ದ್ಯಾಮವ್ವ ಮತ್ತೆರಡು ದಿನ ಕಳೆದಳು. ಮೂರನೆಯ ಬೆಳಗ್ಗೆ ಎದುರಿನ ಎಸ್‌ಟಿಡಿ ಬೂತಿನ ಮಸ್ತಾನಸಾಬ್ ಕೂಗಿದ: "ದ್ಯಾಮವ್ವಾ, ಬೀಗಿತ್ತಿ ಫೋನು! ಸೊಸಿಗೆ ನೋವು ಸುರುವಾಗೇತಂತೆ!"

ಫೋನಿನಲ್ಲಿ ಬೀಗಿತ್ತಿ ಕಾಳವ್ವ, ಸೂಲಗಿತ್ತಿ ಬಂದಿದ್ದಾಳೆ ಎಂದಳು.

"ಮನ್ಯಾಗೆ ಬ್ಯಾಡ್ರೀ! ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಬರ್ರಿ. ಕಾಲಿಗೆ ಬೀಳ್ತೀನಿ. ಕಾರಣ ಅಲ್ಲೇ ಹೇಳ್ತೀನಿ."

ಚೀಟಿ ಕುಪ್ಪಸದಲ್ಲಿಟ್ಟು ದ್ಯಾಮವ್ವ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಕಾಳವ್ವ ಮಗಳನ್ನು ಕರೆತಂದಿದ್ದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೀಟಿ ಓದಿ ಲಸಿಕೆ ಬರೆದುಕೊಟ್ಟರು. ಮಗ ರಾಜಕುಮಾರ್ ಔಷಧ ಅಂಗಡಿಯಿಂದ ಅದನ್ನು ಐಸಿನಲ್ಲಿಟ್ಟು ತಂದ. ಸಂಜೆ ಹೆಣ್ಣು ಕೂಸು ಹುಟ್ಟಿತು. ಗಂಟೆಯೊಳಗೆ ಅದರ ತೊಡೆಗೆ ಸೂಜಿ ಬಿತ್ತು.

"ಇಷ್ಟು ದಿನ ಯಾಕ ಮುಚ್ಚಿಟ್ರಿ? ನನ್ನ ಮಗಳಲ್ಲೇನು ಅವಳು?" ಎಂದಳು ಕಾರಣ ತಿಳಿದ ಕಾಳವ್ವ. ದ್ಯಾಮವ್ವ ಚೀಟಿಯನ್ನು ಅವಳ ಕೈಗಿಟ್ಟಳು.

ಅಕ್ಕ-ತಂಗಿಯರೇ, ಬಸುರಿಗೆ ಎಚ್‌ಐವಿ ಇರಲಿ, ಇಲ್ಲದಿರಲಿ, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಚೀಟಿಯನ್ನು ಊರಿಗೆಲ್ಲ ತೋರಿಸಬೇಕಿಲ್ಲ. ಹೆರಿಗೆ ಮಾಡಿಸುವವರಿಗೆ ಮೊದಲೇ ತೋರಿಸಿ. ಹುಟ್ಟಿದ ದಿನದ ಲಸಿಕೆಯ ನಂತರ ಮಗುವಿನ ಉಳಿದ ಲಸಿಕೆಗಳನ್ನು ತಪ್ಪಿಸಬೇಡಿ.

ಯಶೋದಾಳ ರಕ್ತದಲ್ಲಿ ಕಾಮಾಲೆ ಈಗಲೂ ಇದೆ. ಆಗಾಗ ಡಾಕ್ಟರಿಗೆ ತೋರಿಸುತ್ತಿದ್ದಾಳೆ. ಮಗುವಿಗೆ ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸಿದರು. ಮಗುವಿಗೆ ಇಲ್ಲ.