ಮೇಸ್ತ್ರಿಯ ಮೂಗು

"ಬಿಡಿ ಅಮ್ಮ, ಅದು ಹೋಗಲ್ಲ," ಎಂದು ಗ್ಯಾರೇಜಿನ ಶಿಷ್ಯ, ಬ್ರಷ್ ಹಿಡಿದಿದ್ದ ಮೇಸ್ತ್ರಿಯ ಹೆಂಡತಿಯ ಕೈಯನ್ನು ತಡೆದ. ಆಸ್ಪತ್ರೆಯಿಂದ ಈಗಷ್ಟೇ ಬಂದ ಗಂಡನ ಹೆಣದ ಉಗುರಿನ ಸಂದಿಯಲ್ಲಿ ನಲವತ್ತು ವರ್ಷದ ಗ್ರೀಸು ಕೂತಿತ್ತು. ಅವಳು ಕೇಳಲಿಲ್ಲ, ಇನ್ನೊಂದು ಬೆರಳು ಹಿಡಿದುಕೊಂಡು ಉಜ್ಜತೊಡಗಿದಳು. ಮಾತಾಡುವುದಕ್ಕಿಂತ ಉಜ್ಜುವುದೇ ಸುಲಭವಾಗಿತ್ತು.

ಹೊರಗೆ ಗಿರಾಕಿಗಳು ಕುರ್ಚಿ ಹಾಕಿಕೊಂಡು ಕೂತಿದ್ದರು. ಸತ್ತವರ ಮನೆಯಲ್ಲಿ ಹೊಗಳಿಕೆಗೇನು ಬರ.

"ಏನು ಮೂಗು ಕಣ್ರೀ ಮೇಸ್ತ್ರೀದು!" ಎಂದರು ಟ್ಯಾಕ್ಸಿಯವರು. "ಸೈಲೆನ್ಸರ್ ಹತ್ರ ಬಗ್ಗಿ ಒಂದ್ಸಲ ಮೂಸಿದ್ರೆ ಸಾಕು, 'ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಗಾಳಿ ಸಾಲ್ತಿಲ್ಲ' ಅಂದ್ಬಿಡೋರು. ಮೆಷಿನ್ನೇ ಬೇಡ."

"ಅದಕ್ಕೇ ಹೇಳೋದು," ಎಂದು ಟಯರ್ ಅಂಗಡಿಯವನು ದನಿ ತಗ್ಗಿಸಿದ. ಅವನು ತಗ್ಗಿಸಿದ ದನಿಯೂ ಊರಿಗೆಲ್ಲ ಕೇಳುವಂಥದ್ದು. "ಅಂಥಾ ಮೂಗಿದ್ದೋರಿಗೆ ಶೆಡ್ಡಲ್ಲಿ ಹೊಗೆ ತುಂಬಿದ್ದು ಗೊತ್ತಾಗ್ಲಿಲ್ವಾ? ಇಂಜಿನ್ ಓಡ್ತಿದೆ, ಶಟರ್ ಒಳಗಿಂದ ಎಳ್ಕೊಂಡಿದ್ದಾರೆ. ಬೇಕಂತಲೇ ಮಾಡ್ಕೊಂಡಿರೋದು. ಮನೇಲಿ ಏನಿತ್ತೋ, ಯಾರಿಗ್ಗೊತ್ತು."

ಒಳಗೆ ಗೋಡೆಗೊರಗಿ ಕೂತಿದ್ದ ಮಗಳಿಗೂ ಅದು ಕೇಳಿಸಿತು. ಪಕ್ಕದಲ್ಲಿ ಇಪ್ಪತ್ತು ದಿನದ ಕೂಸು ಮಲಗಿತ್ತು.

"ಅಮ್ಮ, ಅಪ್ಪಂಗೆ ನಾವೇನು ಕಮ್ಮಿ ಮಾಡಿದ್ವಿ?"

ತಾಯಿ ಬ್ರಷ್ಷನ್ನು ನೀರಿಗದ್ದಿದಳು. ಯಾರಿಗೂ ಹೇಳಬಾರದೆಂದು ಗಂಡ ಆಣೆ ಹಾಕಿಸಿಕೊಂಡಿದ್ದ.

*

ಮೂರು ವರ್ಷದ ಹಿಂದೆ ಹದಿನೈದು ದಿನ ಕಾಡಿದ ಜ್ವರ ಅವನ ಮೂಗನ್ನು ಹೊತ್ತುಕೊಂಡು ಹೋಗಿತ್ತು. ಪೆಟ್ರೋಲಿಗೂ ಸಾಬೂನಿಗೂ ವಾಸನೆಯಲ್ಲಿ ವ್ಯತ್ಯಾಸ ತಿಳಿಯದು. "ಯಾರಿಗೂ ಹೇಳ್ಬೇಡ, ಮಗಳಿಗೂ. ನನ್ನಾಣೆ," ಎಂದಿದ್ದ. ಜಂಬಗಾರ, ಆದರೆ ಆ ಜಂಬ ಬಿಟ್ಟರೆ ಅವನಲ್ಲಿ ಇನ್ನೇನೂ ಕೆಟ್ಟದ್ದಿರಲಿಲ್ಲ.

ಅಂದಿನಿಂದ ಅವಳೇ ಅವನ ಮೂಗು. ಗಾಡಿ ಬಂದರೆ ಕಾಫಿ ಲೋಟ ಹಿಡಿದು ಹಿಂದೆ ನಿಲ್ಲುವಳು. ಹೊಗೆಯಲ್ಲಿ ಹಸಿ ಪೆಟ್ರೋಲ್ ನಾತವಿದ್ದರೆ, "ಸಕ್ಕರೆ ಜಾಸ್ತಿಯಾಯ್ತಾ?" ಸುಟ್ಟ ಆಯಿಲ್ ನಾತವಾದರೆ, "ಕಮ್ಮಿಯಾಯ್ತಾ?" ಅವನು ಒಂದು ಗುಟುಕು ಕುಡಿದು, ಗಂಭೀರವಾಗಿ ತೀರ್ಪು ಕೊಡುವನು. "ಮನೆಯೋರ ಕಾಫಿ ಇಲ್ದೆ ಮೇಸ್ತ್ರಿ ಮೂಗು ಸ್ಟಾರ್ಟ್ ಆಗಲ್ಲ," ಎಂದು ಗಿರಾಕಿಗಳು ನಗುವರು. ರಾತ್ರಿ ಊಟಕ್ಕೆ ಕೂತು ಇವರಿಬ್ಬರೂ ನಗುವರು. ಆ ಮೂರು ವರ್ಷ ಅವಳು ಸುಖವಾಗಿದ್ದಳು.

ಮೂರು ದಿನದ ಹಿಂದೆ ಕೂಸಿಗೆ ಜ್ವರ ಬಂತು. ಎರಡು ದಿನ ಬಾರಮ್ಮ, ಭಯ ಆಗ್ತಿದೆ ಎಂದು ಮಗಳು ಫೋನ್ ಮಾಡಿದಳು. ಬರಲ್ಲ ಎಂದರೂ ಬಿಡದೆ ಅತ್ತಳು. "ನಾನು ಬರೋವರೆಗೂ ಗಾಡಿ ಮುಟ್ಬೇಡಿ," ಎಂದು ಹೇಳಿ ಅವಳು ಹೊರಟಳು. "ಹೋಗೇ, ನಾನೇನು ಹಾಲು ಕುಡಿಯೋ ಕೂಸಾ," ಎಂದು ಅವನು ಗದರಿದ. ಮರುದಿನವೇ ಕಪ್ಪು ಹೊಗೆ ಉಗುಳುತ್ತ ಒಂದು ಹಳೇ ಕಾರು ಬಂದಿತ್ತು.

*

"ಒಂದು ಮಾತ್ರ ನಂಗೆ ಅರ್ಥ ಆಗ್ಲಿಲ್ಲ ಅಮ್ಮ," ಎಂದ ಶಿಷ್ಯ. "ನನ್ನ ಬೇಗ ಮನೆಗೆ ಕಳ್ಸಿ, ನೆಲದ ಮೇಲೆ ಪೇಪರ್ ಹಾಸಿ, ಒಂದು ಎರಡು ಅಂತ ನಂಬರ್ ಬರ್ದಿದ್ರು. ಒಂದೊಂದೇ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮಸಿ ನೋಡಿ, ಒರೆಸಿ ಹಾಕಿ, ಮತ್ತೆ ಸ್ಟಾರ್ಟ್ ಮಾಡಿದ್ದಾರೆ. ಕೆಲ್ಸ ಕಲಿಯೋರ ಥರ. ಮೇಸ್ತ್ರಿ ಯಾಕೆ ಹಾಗೆ?"

ಅವಳು ಬ್ರಷ್ ಕೆಳಗಿಟ್ಟಳು. ಗಂಡ ಶಟರ್ ಯಾಕೆ ಎಳೆದುಕೊಂಡ ಎಂಬುದು ಅವಳಿಗೆ ಈಗ ತಿಳಿಯಿತು. ಅವಳು ಎದ್ದು ಬಾಗಿಲಿಗೆ ಬಂದಳು.

"ಅವರಿಗೆ ಮೂಗೇ ಇರ್ಲಿಲ್ಲ! ಮೂರು ವರ್ಷದಿಂದ ಮೂಸ್ತಿದ್ದೋಳು ನಾನು. ಮೊನ್ನೆ ನಾನಿರ್ಲಿಲ್ಲ. ಹೊಸಬನ ಥರ ತಡಕಾಡೋದು ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ ಶಟರ್ ಹಾಕ್ಕೊಂಡ್ರು. ಸಾಯೋಕಲ್ಲ ಕಣ್ರಪ್ಪ, ಸಾಯೋಕಲ್ಲ!"

ಟಯರ್ ಅಂಗಡಿಯವನು ತಲೆ ತಗ್ಗಿಸಿದ. ಅವಳಿಗೆ ಮೂರು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಬಂತು. ಇದನ್ನು ಕೇಳಿ ಮಗಳ ಮನಸ್ಸೂ ಹಗುರಾಗಿರುತ್ತದೆಂದು ಒಳಗೆ ತಿರುಗಿದಳು.

"ಮೊನ್ನೆ ನೀನು ನನ್ನ ಹತ್ರ ಇದ್ದೆ," ಎಂದಳು ಮಗಳು.

"ಅದು ಹಾಗಲ್ಲ ಕಂದ..."

"ಬರಲ್ಲ ಅಂದಿದ್ದೆ ನೀನು. ಈ ಕೂಸಿಗೆ ಜ್ವರ ಅಂತ ನಾನೇ ಅತ್ತು ಕರ್ಸ್ಕೊಂಡೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟರಲ್ಲಿ ಕೂಸು ಹಸಿದು ಚೀರತೊಡಗಿತು. ತಾಯಿ ಒದ್ದೆ ಕೈಯಲ್ಲೇ ಎತ್ತಿಕೊಂಡು ಮಗಳ ಮುಂದೆ ಹಿಡಿದಳು.

ಮಗಳ ಎದೆಯ ಮೇಲಿನ ಬಟ್ಟೆ ತೊಯ್ದು, ಹಾಲು ಮಡಿಲಿಗೆ ಇಳಿಯುತ್ತಿತ್ತು. ಅವಳು ಕೂಸನ್ನೇ ನೋಡುತ್ತಿದ್ದಳು, ಕೈ ಚಾಚಲಿಲ್ಲ.